ಕಡಿಮೆ ಬಿದ್ದ ನೂರಾ ಇಪ್ಪತ್ತೆಂಟು

ಇಸವಿ ಎಂಬತ್ತೆಂಟೋ ಎಂಬತ್ತೊಂಬತ್ತೋ ಇರಬೇಕು. ನವಲಗುಂದದ ಕಡೆಯ ನಮ್ಮೂರಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನು ಇತ್ತು. ಅಲ್ಲಿ ಕಸ ಹೊಡೆಯುವ ಕೆಲಸ ನನ್ನದು. ಜಿನ್ನಿನ ಸಾಹುಕಾರರು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತರಿಸಿದ್ದರು. ಅದಕ್ಕೊಂದು ಬೇರೆ ಕೋಣೆ, ಕಿಟಕಿಗೆ ಪರದೆ. ಹತ್ತಿಯ ಧೂಳು ಅದಕ್ಕೆ ಆಗದು ಎಂದು ದಿನಾ ಬೆಳಿಗ್ಗೆ ಒದ್ದೆ ಅರಿವೆಯಿಂದ ನಾನು ನೆಲ ಒರೆಸಬೇಕಿತ್ತು. ಹೀಗಾಗಿ ಕೋಣೆಯ ಒಂದು ಕೀಲಿಕೈ ಸಾಹುಕಾರರ ಹತ್ತಿರ, ಇನ್ನೊಂದು ನನ್ನ ಸೊಂಟದಲ್ಲಿ.

ಸಾಹುಕಾರರು ಬಂದು ಮಶೀನು ಚಾಲೂ ಮಾಡಿದರೆ ಅದು ಮೊದಲು ತನ್ನ ಮೆಮರಿಯನ್ನು ತಾನೇ ಎಣಿಸಿಕೊಳ್ಳುತ್ತಿತ್ತು. ಅಂಕಿಗಳು ಓಡಿ ಓಡಿ ಆರುನೂರಾ ನಲವತ್ತಕ್ಕೆ ನಿಲ್ಲುತ್ತಿದ್ದವು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆದರೂ ಅಂಕಿ ಓದಲಿಕ್ಕೆ ಬರುತ್ತದೆ. ನೆಲ ಒರೆಸುತ್ತ ನೋಡುತ್ತಿದ್ದೆ.

ಮಹಾನವಮಿಯ ದಿನ ಹುಬ್ಬಳ್ಳಿಯ ಎಂಜಿನಿಯರ್ ಬಂದು, ಮಶೀನಿನ ಮುಚ್ಚಳ ತೆಗೆದು, ಒಳಗಿನ ಧೂಳು ಒರೆಸಿದ. ಚಾಲೂ ಮಾಡಿ ಎಲ್ಲ ಸರಿ ಇದೆ ಎಂದು ತೋರಿಸಿ, ಬಂದ್ ಮಾಡಿದ. ಅಷ್ಟರಲ್ಲಿ ಸಾಹುಕಾರರು ಜಿನ್ನಿನ ಎಂಜಿನ್ನು, ತಕ್ಕಡಿ, ಟ್ರ್ಯಾಕ್ಟರು ಎಲ್ಲದರ ಪೂಜೆ ಮುಗಿಸಿ ವಿಭೂತಿ ತಾಟು ಹಿಡಿದು ಒಳಗೆ ಬಂದರು.

"ಮುಚ್ಚಳಕ್ಕ ಹಚ್ಚೂಣ್ರಿ," ಎಂದ ಎಂಜಿನಿಯರ್. "ಒಳಗ ಬ್ಯಾಡ್ರಿ."

"ಹೊಟ್ಟಿ ತಗದು ಇಟ್ಟೀಯಲ್ಲೋ. ದೇವರಿಗಿಂತ ನಿನ್ನ ಮಶೀನ ದೊಡ್ಡದೇನು?"

ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಒಳಗೆ ಒತ್ತಿ ಎಳೆದರು. ನಾನು ಕಾಯಿ ಒಡೆದ ನೀರು ಒರೆಸುತ್ತ ಅಲ್ಲೇ ಇದ್ದೆ. ಎಂಜಿನಿಯರ್ ಮುಚ್ಚಳ ಹಾಕಿ, ತಿರುಪು ಬಿಗಿದು, ಪ್ರಸಾದ ಕಟ್ಟಿಸಿಕೊಂಡು ಬಸ್ಸಿಗೆ ಹೋದ. ಮತ್ತೆ ಚಾಲೂ ಮಾಡಿ ನೋಡಲಿಲ್ಲ. ಪೂಜೆಗೆ ಇಟ್ಟ ಸಾಮಾನನ್ನು ದಶಮಿಗೆ ಬನ್ನಿ ಮುಡಿಯುವತನಕ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ಕುಡಗೋಲನ್ನೂ ಎತ್ತುವುದಿಲ್ಲ.

ಬನ್ನಿ ಆಯಿತು. ಮರುದಿನ ಸಾಹುಕಾರರು ಮಶೀನು ಚಾಲೂ ಮಾಡಿದರು. ಅಂಕಿ ಐದುನೂರಾ ಹನ್ನೆರಡಕ್ಕೆ ನಿಂತಿತು.

"ಇವತ್ತ ಕಡಿಮಿ ಎಣಿಸಿತಲ್ರಿ," ಎಂದೆ. ಅದೇ ನನ್ನ ತಪ್ಪು.

ಅವರು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದರು. ಮೂರೂ ಸಲ ಅಷ್ಟಕ್ಕೇ ನಿಂತಿತು. ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಮೆಮರಿಯ ಎರಡು ಸಾಲು ಚಿಪ್ ಲೆಕ್ಕಕ್ಕೆ ಬರುತ್ತಿಲ್ಲ, ತಾನು ಬಂದು ನೋಡುವತನಕ ತೆರೆಯಬೇಡಿ ಎಂದನಂತೆ ಎಂಜಿನಿಯರ್. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಕಡಿಮಿ ಅಂತ ನಿನಗೆಂಗ ಗೊತ್ತಾತು?"

"ದಿನಾ ನೋಡ್ತೀನ್ರಿ."

"ಕಸಾ ಹೊಡಿಯಾಕಿ ಅದನ್ಯಾಕ ನೋಡಬೇಕು?"

"ಕಣ್ಣ ಅದಾವ್ರಿ, ನೋಡ್ತಾವ. ಅವತ್ತ ನೀವ ಒಳಗ ವಿಭೂತಿ ಹಚ್ಚಿದ್ರಿ. ಅದರಿಂದ ಏನರ ಆಗೇತೇನ, ನೋಡಸ್ರಿ."

"ಕದ್ದದ್ದಲ್ದ ವಿಭೂತಿ ಮ್ಯಾಲ ಹಾಕ್ತೀ?"

ಕೀಲಿಕೈ ಕಸಿದುಕೊಂಡರು. ಮಧ್ಯಾಹ್ನ ಜಿನ್ನಿನ ಇಬ್ಬರು ಆಳುಗಳು ನನ್ನ ಮನೆಗೆ ಬಂದು ಜೋಳದ ಗಡಿಗೆಗಳನ್ನು ಅಂಗಳದಲ್ಲಿ ಸುರುವಿದರು. ಕೌದಿ ಝಾಡಿಸಿದರು. ಓಣಿಯೆಲ್ಲ ಕೂಡಿತು. ಬಾಜು ಮನೆಯವಳು ತನ್ನ ಕಟ್ಟೆಯಿಂದಲೇ ಕೇಳಿದಳು.

"ಏನ ಹುಡಕಾಕ್ಹತ್ತೀರೋ?"

"ಮಶೀನಿಂದು ಮೆಮರಿಬೇ."

"ಹಂಗಂದ್ರ?"

"ನಮಗೂ ಗೊತ್ತಿಲ್ಲ. ಕರ್ರಗ ಇರತಾವಂತ, ಜರಿಹುಳದಗತೆ ಕಾಲ ಇರತಾವಂತ."

"ಜರಿ ಬೇಕಂದ್ರ ನಮ್ಮ ಬಚ್ಚಲದಾಗ ಅದಾವ, ಒಯ್ರಿ," ಎಂದಳು. ಎಲ್ಲರೂ ನಕ್ಕರು. ಸುರುವಿದ ಜೋಳವನ್ನು ನಾನೊಬ್ಬಳೇ ಬಳಿದು ತುಂಬಿದೆ. ಮಣ್ಣು ಕೂಡಿಕೊಂಡು ಬಂತು. ನನ್ನ ಗಂಡ ಬಾಗಿಲಲ್ಲಿ ಕೂತಿದ್ದ. ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದ, "ಖರೇನ ತೊಗೊಂಡಿಯೇನು?" ಆ ಹೊತ್ತು ಅವನಿಗೆ ರೊಟ್ಟಿ ಬಡಿಯಲಿಲ್ಲ.

ಎಂಟು ದಿನ ಮನೆಯಲ್ಲಿ ಕೂತೆ. ಎಂಜಿನಿಯರ್ ಬಂದ ದಿನ ಸಾಹುಕಾರರು ನನ್ನನ್ನು ಕರೆಸಿದರು. ಕಳವು ಸಿಕ್ಕಾಗ ನನ್ನ ಮುಖ ನೋಡಬೇಕಾಗಿತ್ತೇನೋ. ಎಂಜಿನಿಯರ್ ತಿರುಪು ತೆಗೆದ. ಬ್ಯಾಟರಿ ಬೆಳಕು ಹಿಡಿದು ಒಳಗೆ ನೋಡಿದ.

"ಎಲ್ಲಾ ಸಾಲೂ ಇಲ್ಲೇ ಅದಾವಲ್ರಿ."

ಆಮೇಲೆ ಮೂಲೆಯಲ್ಲಿದ್ದ, ಕಡ್ಡಿಪೆಟ್ಟಿಗೆಯ ಅರ್ಧದಷ್ಟೂ ಇಲ್ಲದ ಒಂದು ನೀಲಿ ಡಬ್ಬಿ ತೋರಿಸಿದ. ಅದರ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಗುಂಡಿಗಳ ಒಂದು ಸಾಲು. ಒಳಗೆ ಎಷ್ಟು ಮೆಮರಿ ಕೂಡಿಸಿದೆ ಎಂದು ಮಶೀನಿಗೆ ಹೇಳುವುದು ಅವೇ ಅಂತೆ. ಒಂದು ಅತ್ತಿತ್ತ ಸರಿದರೆ ಇದ್ದದ್ದನ್ನೂ ಮಶೀನು ಇಲ್ಲ ಅನ್ನುತ್ತದಂತೆ. ಸಾಲಿನ ತುಂಬ ಬೆಳ್ಳಗೆ ವಿಭೂತಿ ಹಿಡಿದಿತ್ತು, ಒಂದು ಗುಂಡಿ ಸರಿದಿತ್ತು. ಊದಿ, ಪೆನ್ನಿನ ತುದಿಯಿಂದ ಅದನ್ನು ಹಿಂದೆ ದೂಡಿದ. ಚಾಲೂ ಮಾಡಿದ. ಆರುನೂರಾ ನಲವತ್ತು.

"ನಿಮ್ಮ ಮೂರ ಬಟ್ಟಿನ ಕೆಲಸರಿ ಇದು, ಸಾಹುಕಾರ್ರ."

"ದೇವರ ಕೆಲಸದಾಗ ಆಗೇತಿ, ಇರಲಿ ಬಿಡು," ಎಂದು ಸಾಹುಕಾರರು ಕೀಲಿಕೈ ನನ್ನ ಮುಂದೆ ಇಟ್ಟರು. "ನಾಳಿಂದ ಬಾ."

ನಾನು ಮುಟ್ಟಲಿಲ್ಲ. "ಓಣಿ ಮಂದಿ ಮುಂದ ನನ್ನ ಜ್ವಾಳಾ ಸುರುವಿಸೀರಿ. ಅಲ್ಲೇ ಬಂದು ಒಂದ ಮಾತ ಹೇಳ್ರಿ."

"ಏನಂತ? ನಾನ ವಿಭೂತಿ ಹಚ್ಚಿ ಕೆಡಿಸಿದೆ ಅಂತ ಹೇಳ್ಲೇನು?"

"ಹೌದ್ರಿ. ಅದನ್ನ."

ಅವರು ನಕ್ಕರು. "ನಿನ್ನ ಬಾಯಿ ಭಾಳ ಆತಬೇ."

ಓಣಿಗೆ ಅವರು ಬರಲಿಲ್ಲ. ಕೀಲಿಕೈ ಬಿಸಾಕಿ ಹೋದೆ ಎಂದು ಬರೆದರೆ ಓದುವವರಿಗೆ ಚಂದ ಅನಿಸೀತು, ಆದರೆ ಅದು ಸುಳ್ಳು. ಮರುದಿನ ಕೆಲಸಕ್ಕೆ ಹೋದೆ. ಹೊಟ್ಟೆ ಇತ್ತು.

ನಾನು ಜಿನ್ನಿನಿಂದ ತಿರುಗಿ ಬರುವಾಗ ಬಾಜು ಮನೆಯವಳು ಕಟ್ಟೆಯ ಮೇಲಿದ್ದಳು.

"ಮಶೀನ ಸರಿ ಆತಂತಲ್ಲ. ತಿರಗಿ ಇಟ್ಟ ಬಂದಿ? ಚಲೋ ಮಾಡಿದಿ ಬಿಡು, ಅದಕ್ಕ ಕೆಲಸಕ್ಕ ತೊಗೊಂಡಾರ."

ಡಬ್ಬಿ, ಗುಂಡಿ, ವಿಭೂತಿ ಎಲ್ಲ ಬಿಡಿಸಿ ಹೇಳಿದೆ. ಹೂಂ ಹೂಂ ಎಂದಳು. ವಿಭೂತಿಯಿಂದ ಮಶೀನು ಕೆಟ್ಟಿತು ಅನ್ನುವುದಕ್ಕಿಂತ ನಾನು ಕದ್ದು ತಿರುಗಿ ಇಟ್ಟೆ ಅನ್ನುವುದು ಅವಳಿಗೆ ನಂಬಲಿಕ್ಕೆ ಸಸಾರವಾಗಿತ್ತು. ಸಾಹುಕಾರರು ಬಂದು ಹೇಳಿದ್ದರೆ ನಂಬುತ್ತಿದ್ದಳು.

ಆ ಬೇಸಿಗೆ ಅವಳ ಮನೆಯಲ್ಲಿ ಮದುವೆ ಬಂತು. ರೊಟ್ಟಿ ಬಡಿಯಲಿಕ್ಕೆ ನನ್ನನ್ನೂ ಕರೆದಳು. ಹಿಟ್ಟು ತೀರಿತೆಂದು ಒಳಕೋಣೆಗೆ ಹೋದೆ. ಅವಳ ಸೊಸೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಏನ ಬೇಕಾಗಿತ್ರಿ, ಅತ್ತಿ?"

"ಹಿಟ್ಟ."

ನಾನು ಬುಟ್ಟಿ ತುಂಬಿಕೊಂಡು ಹೊರಗೆ ಬರುವತನಕ ಅವಳು ಅಲ್ಲೇ ನಿಂತಿದ್ದಳು.