ಸಾಣೆಯವನ ಹಲ್ಲು

ನಮ್ಮ ಬೀದಿಯ ಸಾಣೆಯವನು ಮೂವತ್ತು ವರ್ಷದಿಂದ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದಾನೆ. ಯಂತ್ರಕ್ಕೆ ಸಿಕ್ಕಿದ್ದೆಲ್ಲ ಸವೆಯುತ್ತದೆ ಎಂಬುದೊಂದೇ ಅವನಿಗೆ ಗೊತ್ತಿರುವ ವೇದಾಂತ. ಒಸಡಿನಲ್ಲಿ ರಕ್ತ ಬರುತ್ತಿದೆಯೆಂದು ಹೆಂಡತಿ ಅವನನ್ನು ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಾಗ, ಕುರ್ಚಿಯಲ್ಲಿ ಒರಗುವ ಮೊದಲೇ ಪಕ್ಕದಲ್ಲಿದ್ದ ಹಲ್ಲು ಶುಚಿಮಾಡುವ ಯಂತ್ರವನ್ನು ತೋರಿಸಿ ಕೇಳಿದ.

“ಇದು ಹಲ್ಲನ್ನ ಎಷ್ಟು ಸವೆಸುತ್ತೆ?”

“ಸವೆಸಲ್ಲ ಯಜಮಾನ್ರೇ, ಅದುರಿಸುತ್ತೆ ಅಷ್ಟೆ. ಕಲ್ಲಿನ ಹಾಗೆ ಗಟ್ಟಿಯಾದ ಕೊಳೆ ಉದುರುತ್ತೆ. ಸ್ವಲ್ಪ ಜುಮ್ಮೆನ್ನಬಹುದು, ರಕ್ತಾನೂ ಬರಬಹುದು.”

“ಕಳ್ಳರೂ ಹೀಗೇ ನಯವಾಗಿ ಮಾತಾಡೋದು,” ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ.

“ಬಾಯಿ ಮುಚ್ಕೊಳ್ಳಿ,” ಎಂದಳು ಹೆಂಡತಿ.

“ಬಾಯಿ ತೆಗೀರಿ,” ಎಂದರು ಡಾಕ್ಟರಮ್ಮ.

ಯಂತ್ರ ಕುಂಯ್ ಎಂದಿತು, ನೀರು ಚಿಮ್ಮಿತು, ತುಟಿಯಂಚಿನ ಕೊಳವೆ ಅದನ್ನು ಹೀರಿತು. ಹಲ್ಲು ಕಚ್ಚಿ ಸಹಿಸೋಣವೆಂದರೆ ಅದಕ್ಕೂ ಅವಕಾಶವಿರಲಿಲ್ಲ. ಅರ್ಧ ಗಂಟೆಯ ಮೇಲೆ ಬಾಯಿ ಮುಕ್ಕಳಿಸಿ ನಾಲಿಗೆ ಆಡಿಸಿದರೆ, ಕೆಳಗಿನ ಹಲ್ಲುಗಳ ನಡುವೆ ಸಂದು!

“ನೋಡೇ, ಸವೆಸೇಬಿಟ್ರು!”

ಡಾಕ್ಟರಮ್ಮ ಕನ್ನಡಿ ಕೊಟ್ಟರು. “ಸಂದು ಮೊದಲಿಂದ್ಲೂ ಇತ್ತು. ಕೊಳೆ ತುಂಬ್ಕೊಂಡು ಕಾಣ್ತಿರಲಿಲ್ಲ.”

ಅವನು ಚಾಕುವಿನ ಅಲಗನ್ನು ಪರೀಕ್ಷಿಸುವಂತೆ ಒಂದೊಂದೇ ಹಲ್ಲಿನ ಅಂಚಿಗೆ ಹೆಬ್ಬೆರಳಿನ ಉಗುರು ಎಳೆದು ನೋಡಿದ. ಎಲ್ಲೂ ಮುಕ್ಕಾಗಿರಲಿಲ್ಲ. ಹುಬ್ಬಿನ ಗಂಟು ಸಡಿಲವಾಯಿತು.

“ಆರು ತಿಂಗಳು ಬಿಟ್ಟು ಮತ್ತೆ ಬನ್ನಿ,” ಎಂದರು ಡಾಕ್ಟರಮ್ಮ.

ಗಂಟು ಮತ್ತೆ ಬಿಗಿಯಿತು. ಮೆಟ್ಟಿಲಿಳಿಯುತ್ತ ಹೆಂಡತಿಗೆ ಹೇಳಿದ: “ನಾನೂ ಗಿರಾಕಿಗಳಿಗೆ ಇದನ್ನೇ ಕಣೇ ಹೇಳೋದು!”