ಕೊನೆಯ ಪುಟದ ಜಾಹೀರಾತು

೧೯೮೨ರಲ್ಲಿ ನಾನು ಯಶವಂತಪುರದಿಂದ ಹೊರಡುತ್ತಿದ್ದ ಒಂದು ಹೊಸ ಪಾಕ್ಷಿಕದ ಸಂಪಾದಕನಾಗಿದ್ದೆ. ಸಂಪಾದಕ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಪ್ರೂಫ್ ತಿದ್ದುವವನೂ ನಾನೇ, ಬಂಡಲ್ ಕಟ್ಟುವವನೂ ನಾನೇ. ಮಾಲೀಕ ಪುಟ್ಟರಾಜು ಯಲಹಂಕದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ ಅವನದು, ಪತ್ರಿಕೆಯ ಕನಸು ಇಬ್ಬರದೂ.

ಬರೆಯುವವರೇ ಸಿಗಲಿಲ್ಲ. ಹೆಸರಾದ ಲೇಖಕರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಸಣ್ಣ ಪತ್ರಿಕೆಗಳು ಆಗ ಲೇಖಕರಿಗೆ ಗೌರವ ಪ್ರತಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದವು. ನಾವು ಸಂಚಿಕೆ ಬಂದ ದಿನವೇ ಸಂಭಾವನೆ ಕೊಡುತ್ತೇವೆ ಎಂದು ಪ್ರಕಟಿಸಿದೆವು. ಆದರೂ ಸುತ್ತಲಿನ ಕಾರ್ಖಾನೆಗಳ ನೌಕರರು ಹಿಂಜರಿದರು. ಆಡಳಿತದ ಅನುಮತಿಯಿಲ್ಲದೆ ಬರೆದರೆ ಅವರ ಕೆಲಸಕ್ಕೇ ಸಂಚಕಾರ. ಆಗ ನಾನು ಇನ್ನೊಂದು ಮಾತು ಸೇರಿಸಿದೆ: ಗುಪ್ತನಾಮದಲ್ಲಿ ಬರೆಯಿರಿ, ನಿಮ್ಮ ಹೆಸರು ಆಚೆ ಹೋಗದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಹಣಕ್ಕೆ ಬಾರದವರು ಈ ಮಾತಿಗೆ ಬಂದರು.

ಹಾಗೆ ಬಂದವಳು ನಸೀಮಾ. ಮನೆ ಆರ್.ಟಿ. ನಗರ, ಖಾಸಗಿ ಕಾರ್ಖಾನೆಯೊಂದರ ಜೋಡಣಾ ವಿಭಾಗದಲ್ಲಿ ಕೆಲಸ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ ಬರೆಯುತ್ತಿದ್ದ ಕನ್ನಡ ಓದಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕ್ಯಾಂಟೀನಿನ ನೀರು ಸಾರು, ಬೀಗ ಹಾಕಿಟ್ಟ ಹೆಂಗಸರ ಶೌಚಾಲಯ, ಎಲ್ಲವನ್ನೂ ನಗಿಸುತ್ತಲೇ ಹೇಳುತ್ತಿದ್ದಳು. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ದಳು, ಕೆಲಸ ಕಾಯಂ ಆಗಬೇಕಿತ್ತು. ತಂದೆ ಹಾಸಿಗೆ ಹಿಡಿದಿದ್ದರಿಂದ ಮನೆ ನಡೆಯುತ್ತಿದ್ದುದು ಅವಳಿಂದಲೇ. ಅವಳ ಅಂಕಣಕ್ಕಾಗಿಯೇ ಜನ ಪತ್ರಿಕೆ ಕೊಳ್ಳತೊಡಗಿದರು.

ಸಂಭಾವನೆಯ ಲಕೋಟೆಗಳನ್ನು ತಾನೇ ಕೈಯಾರೆ ಕೊಡುತ್ತೇನೆಂದು ಪುಟ್ಟರಾಜು ಹಟ ಹಿಡಿದ. ಹಣ ಹಾಕುವವನು ಬರೆಯುವವರ ಮುಖ ನೋಡಬಾರದೇ ಎಂದು ಕೇಳಿದ. ನನಗೂ ಸರಿಯೆನಿಸಿತು. ಸಂಚಿಕೆ ಬಂದ ದಿನ ಎಲ್ಲರಿಗೂ ಕಾಫಿ ತರಿಸಿ, ಮನೆಯವರ ಕ್ಷೇಮ ವಿಚಾರಿಸಿ, ಲಕೋಟೆ ಕೊಡುತ್ತಿದ್ದ.

ಆ ವರ್ಷದ ಕೊನೆಗೆ ನಸೀಮಾಳ ಕಾರ್ಖಾನೆಯಿಂದಲೇ ನಮಗೆ ಕೊನೆಯ ಪುಟದ ಜಾಹೀರಾತು ಬಂತು. ನಾನು ಪೆದ್ದನ ಹಾಗೆ ಸಂಭ್ರಮಿಸಿ ಸಿಹಿ ತರಿಸಿದೆ. ಅದೇ ವಾರ ನಸೀಮಾ ಆಫೀಸಿಗೆ ಬಂದಳು. ಕೆಲಸ ಕಾಯಂ ಮಾಡುವುದಿಲ್ಲ ಎಂದಿದ್ದರಂತೆ. ಕಾರ್ಖಾನೆಯ ಪರ್ಸನೆಲ್ ಆಫೀಸರ್ ಅವಳನ್ನು ಗುಪ್ತನಾಮದಿಂದಲೇ ಕರೆದು ಕೂರಿಸಿದ್ದರಂತೆ.

ನಾನು ಒಳಕೋಣೆಗೆ ಹೋಗಿ ಪುಟ್ಟರಾಜುವನ್ನು ನೇರವಾಗಿ ಕೇಳಿದೆ. ಅವನು ಅಲ್ಲಗಳೆಯಲಿಲ್ಲ.

"ವರ್ಷಪೂರ್ತಿ ಜಾಹೀರಾತು ಕಣೋ. ಅವ್ರು ಕೇಳಿದ್ದು ಒಂದು ಹೆಸ್ರು ಅಷ್ಟೆ. ಪತ್ರಿಕೆ ಉಳೀಬೇಡ್ವಾ?"

ನನ್ನ ಮೈ ಉರಿದುಹೋಯಿತು. ಒಂದೇ ಡಬ್ಬಿಯಲ್ಲಿ ಉಂಡು ಬೆಳೆದವನು, ಅವಳಿಗೆ ಕಾಫಿ ಕೊಟ್ಟ ಕೈಯಿಂದಲೇ ಅವಳನ್ನು ಒಪ್ಪಿಸಿಬಿಟ್ಟಿದ್ದ. ಹೊರಗೆ ಬಂದು, ಹೆಸರು ಹೇಳಿದವನು ನಾನಲ್ಲ, ಪುಟ್ಟರಾಜು ಎಂದು ನಸೀಮಾಗೆ ತಿಳಿಸಿದೆ.

"ಅವ್ರ ಜೊತೆ ನನಗೇನ್ ಮಾತಿತ್ತು ಸಾರ್? ನಾನು ಮಾತು ತಗೊಂಡಿದ್ದು ನಿಮ್ಮ ಹತ್ರ" ಎಂದಳು. ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ನಾನೂ ಅಂದೇ ಕೆಲಸ ಬಿಟ್ಟೆ. ಪುಟ್ಟರಾಜುವಿನ ಮಗಳ ಮದುವೆಗೂ ಹೋಗಲಿಲ್ಲ. ಆಮೇಲೆ ದುಡಿದ ಪತ್ರಿಕೆಗಳಲ್ಲೆಲ್ಲ, ಬರೆಯುವವರ ನಿಜನಾಮ ಮಾಲೀಕರಿಗೂ ಹೇಳುವುದಿಲ್ಲ ಎಂಬುದೇ ನನ್ನ ಮೊದಲ ಷರತ್ತು. ಬರಹಗಾರ ಹಣಕ್ಕೆ ಒಮ್ಮೆ ಬರಬಹುದು; ಮತ್ತೆ ಮತ್ತೆ ಬರುವುದು ನಂಬಿಕೆಗೆ. ಇದನ್ನು ಈ ವೃತ್ತಿ ನನಗೆ ನಸೀಮಾಳ ಕೆಲಸ ಕಳೆದು ಕಲಿಸಿತು. ಈಗಲೂ ಹೊಸ ಪತ್ರಿಕೆ ಕೈಗೆ ಬಂದರೆ, ಗುಪ್ತನಾಮದ ಬರಹವನ್ನು ಅವಳದಿರಬಹುದೇ ಎಂದು ಮೊದಲು ಓದುತ್ತೇನೆ. ಇದುವರೆಗೆ ಒಂದೂ ಅವಳದಾಗಿಲ್ಲ.