ಚಪ್ಪರದ ಮೇಲಿನ ಹಕ್ಕಿಗಳು

ಆಗ ನನಗೆ ಅರವತ್ತೆರಡು. ಎಂಟು ವರ್ಷವಾಯಿತು. ಗಂಡ ಸತ್ತ ಮೇಲೆ ಕೊಳ್ಳೇಗಾಲದ ಕಡೆಯ ನಮ್ಮೂರು ಬಿಟ್ಟು ತಮಿಳುನಾಡಿನ ಕಂಬಂ ಕಣಿವೆಗೆ, ಮಗಳು ಗೌರಿಯ ಮನೆಗೆ ಬಂದೆ. ಮೊದಲ ಬೆಳಿಗ್ಗೆಯೇ ದ್ರಾಕ್ಷಿ ತೋಟ ತೋರಿಸಿದರು. ಹೊಲಕ್ಕೆ ಸೂರು ಇರುವುದನ್ನು ನಾನು ನೋಡಿದ್ದು ಅದೇ ಮೊದಲು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ಅದರಡಿ ಬಗ್ಗಿ ನಡೆಯಬೇಕು. ಆಕಾಶವೇ ಇಲ್ಲ.

ಮೇಲೆ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ದನಿ ಕೇಳಿದ ಕೂಡಲೇ ಗೊತ್ತಾಯಿತು. ನಮ್ಮ ಜೋಳದ ಹೊಲಕ್ಕೆ ಬೀಳುತ್ತಿದ್ದ ಹಕ್ಕಿಗಳೇ ಇವು. ತಲೆ ಕಪ್ಪು, ಬೆನ್ನು ತಿಳಿಗೆಂಪು. ಚಳಿಗೆ ಎಲ್ಲಿಂದಲೋ ಬಂದು, ಯುಗಾದಿ ಆಚೀಚೆ ಬಡಗಲಿಗೆ ಹೊರಟುಬಿಡುತ್ತವೆ.

ಬೀಗರ ಮನೆಯಲ್ಲಿ ಕೂತು ಉಣ್ಣುವುದು ನನ್ನಿಂದಾಗದು. ಹಕ್ಕಿ ಓಡಿಸುವ ಕೆಲಸ ಕೇಳಿ ಪಡೆದೆ. ಅದೊಂದು ತಪ್ಪಿದರೆ ಆ ಮನೆಯಲ್ಲಿ ನನಗೆ ಜಾಗವಿರಲಿಲ್ಲ. ಅಳಿಯನ ಕಡೆಯವರು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಹೋದವರು. ಮನೆಯಲ್ಲಿ ಕನ್ನಡವೇ, ಆದರೆ ನನಗೆ ಅರ್ಧ ತಿಳಿಯುತ್ತಿತ್ತು. ಗಟ್ಟಿ ವಿಷಯ ಬಂದರೆ ತಮಿಳಿಗೆ ಹೊರಳುತ್ತಿದ್ದರು. ಗೌರಿಯೂ ಹೊರಳುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ. ಹಗಲೆಲ್ಲ ತಗಡು ಬಡಿದು, ನಾಲ್ಕು ಮಾತೂ ಆಡದೆ ಮಲಗಿದ ದಿನಗಳಿವೆ.

ಊರಲ್ಲಿ ಅಟ್ಟಣೆ ಹತ್ತಿದರೆ ಹಕ್ಕಿಗಳೆಲ್ಲ ಕಣ್ಣ ಕೆಳಗೆ. ಇಲ್ಲಿ ಬರೀ ಸದ್ದು. ನೋಡಬೇಕು ಅನ್ನಿಸಿತು. ಗುರುತಿನವು ಅಂತ ಇದ್ದದ್ದು ಅವಷ್ಟೇ. ತೆಂಗಿನ ತೋಪಿನಲ್ಲಿ ಕೂತೆ, ಕಾಗೆ ಬಂದವು. ಕಾಲುವೆ ದಂಡೆಯಲ್ಲಿ ಕೂತೆ, ಬೆಳ್ಳಕ್ಕಿ. ಆಡು ಮೇಯಿಸುವ ಹೆಂಗಸೊಬ್ಬಳು ನಿಂತು ನಕ್ಕಳು. ಅವಳದೂ ಅಳಿಯನ ಕಡೆಯವರ ಕನ್ನಡವೇ.

"ಏನ್ ಪಾಟಿ, ಮ್ಯಾಲೇ ನೋಡ್ತಾ ಇದ್ದೀಯ, ತಾತ ಕಾಣ್ತಾನಾ?" ಪಾಟಿ ಎಂದರೆ ಅಜ್ಜಿ.

"ಅವ್ನು ಮ್ಯಾಲಕ್ಕೆ ಹೋಗೋ ಪೈಕಿ ಅಲ್ಲ. ಹಕ್ಕಿ ನೋಡ್ತಿವ್ನಿ."

"ಕುರುವಿಯಾ? ಕಣ್ಮಾಯಿ ಏರಿಗೆ ಹೋಗು. ಆಲ ಹಣ್ಣಾಗೈತೆ."

ಕುರುವಿ ಎಂದರೆ ಹಕ್ಕಿ, ಕಣ್ಮಾಯಿ ಎಂದರೆ ಕೆರೆ. ಅದರ ಏರಿ ನಮ್ಮ ತೋಟದ ಮೂಲೆಗೇ ತಾಗಿತ್ತು. ಈಗಲೂ ಈ ಹಕ್ಕಿ ನೋಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ: ಹಣ್ಣಾದ ಆಲ ಹುಡುಕಿ, ಎಳೆ ಬಿಸಿಲಿಗೆ ಬೆನ್ನು ಹಾಕಿ ಕೂರಿ, ಬಾಯಿ ಮುಚ್ಚಿಕೊಂಡಿರಿ. ಒಂದೊಂದು ಗರಿಯೂ ಕಾಣುತ್ತದೆ.

ಆಲದ ಹಣ್ಣು ತಿಂದು ಅವು ತೋಟದ ಆ ಮೂಲೆಗೆ ಇಳಿಯುತ್ತಿದ್ದವು. ಅಲ್ಲಿ ಮಾತ್ರ ನಾನು ತಗಡು ಬಡಿಯಲಿಲ್ಲ. ನಮ್ಮಲ್ಲಿ ಜೋಳದ ಅಂಚಿನ ಒಂದು ಸಾಲು ಹಕ್ಕಿಗೆಂದೇ ಬಿಡುತ್ತೇವೆ. ಇಲ್ಲೂ ಒಂದು ಮೂಲೆ ಹೋದರೆ ಹೋಗಲಿ ಅಂದುಕೊಂಡೆ. ಹತ್ತು ದಿನ ಕಣ್ತುಂಬ ನೋಡಿದೆ.

ಜೋಳದ ತೆನೆ ಕುಕ್ಕಿದರೆ ಆ ತೆನೆಯಷ್ಟೇ ಹೋಗುತ್ತದೆ. ದ್ರಾಕ್ಷಿ ಹಾಗಲ್ಲ. ಒಂದು ಹಣ್ಣು ಒಡೆದರೆ ರಸ ಸೋರಿ, ಕಣಜ ಮುತ್ತಿ, ಪಕ್ಕದ ಗೊಂಚಲೂ ಕೊಳೆಯುತ್ತದೆ. ಮೂಲೆಯಿಂದ ಶುರುವಾಗಿ ನಾಲ್ಕು ಸಾಲು ಹುಳಿ ನಾರುತ್ತಿತ್ತು. ಬೀಗಿತಿ ಚಿನ್ನಮ್ಮಾಳು ಬಂದು ನೋಡಿದರು.

"ಕುರುವಿಗೆ ಊಟ ಇಕ್ಕಿದ್ದೀರಾ ಬೀಗಿತಿ? ಎಲೆ ಹಾಕೋದೊಂದೇ ಬಾಕಿ!"

"ನಮ್ಮೂರಲ್ಲಿ ಒಂದು ಸಾಲು ಬುಡ್ತೀವಿ."

"ನಿಮ್ಮೂರಲ್ಲಿ ಬಿಡಿ. ಇದು ಹಣ್ಣಮ್ಮಾ, ಕಾಳಲ್ಲ. ನಾಳೆ ಬಲೆ ಕಟ್ಟಿಸ್ತೀವಿ. ನೀವು ಮನೇಲಿ ನೆಳಲಾಗೆ ಇರಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಂಜೆ ಗೌರಿ ಅತ್ತೆಯೊಡನೆ ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಮಾತು: "ಅವ್ವ, ಬೇಕಾದ್ರೆ ಊರ್ಗೆ ಹೋಗಿ ಇದ್ದು ಬಾ."

"ಊರಲ್ಲಿ ಯಾರವ್ರೆ?" ಅಂದೆ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಊರಿನ ಕೆಲಸ ನನಗೆ ಗೊತ್ತಿತ್ತು, ಆದರೆ ನಾನು ಬೇಕು ಅನ್ನುವವರು ಅಲ್ಲಿ ಉಳಿದಿರಲಿಲ್ಲ. ಇಲ್ಲಿ ಮಗಳಿದ್ದಳು.

ಮಾರನೆಯ ಬೆಳಿಗ್ಗೆ ಯಾರೂ ಏಳುವ ಮೊದಲು ಕತ್ತರಿ ತೆಗೆದುಕೊಂಡು ತೋಟಕ್ಕೆ ಹೋದೆ. ಕೊಳೆತ ಗೊಂಚಲುಗಳನ್ನೆಲ್ಲ ಕತ್ತರಿಸಿ, ಎರಡು ಕುಕ್ಕೆ ತುಂಬಿ, ಏರಿಗೆ ಹೊತ್ತು, ಆಲದ ಬುಡದಲ್ಲಿ ಸುರಿದೆ. ಬಿಸಿಲಿಗೆ ಬೆನ್ನು ಹಾಕಿ ಕೂತೆ. ಕಣಜ ಬಂದವು. ಎರಡು ಕಾಗೆ ಬಂದವು. ಹೊತ್ತು ಏರಿತು. ಜೋಳದ ಹಕ್ಕಿ ಒಂದೂ ಬರಲಿಲ್ಲ. ಬಡಗಲಿಗೆ ಹೊರಟುಹೋಗಿದ್ದವು.

ಖಾಲಿ ಕುಕ್ಕೆ ಎತ್ತಿಕೊಂಡು ತೋಟಕ್ಕೆ ಹಿಂತಿರುಗಿದೆ. ಬಲೆ ಬಂದಿತ್ತು. ಅದರ ಒಂದು ತುದಿಯನ್ನು ನಾನು ಹಿಡಿದೆ.